ಕೊಂಡಿ ಉಳಿದರೆ ಲೇಖನ ಉಳಿದೀತೆ?

ಅಂತರ್ಜಾಲದ ಬರಹಗಳನ್ನು ಮುಂದೆ ಓದಲೆಂದು ಕೂಡಿಟ್ಟುಕೊಳ್ಳುವ 'ಪಾಕೆಟ್' ಸೇವೆಯನ್ನು ಮೊಜಿಲ್ಲಾ ಸಂಸ್ಥೆಯು 2025ರ ಜುಲೈ 8ರಂದು ಸ್ಥಗಿತಗೊಳಿಸಿತು. 2007ರಲ್ಲಿ 'ರೀಡ್ ಇಟ್ ಲೇಟರ್' ಎಂಬ ಹೆಸರಿನಿಂದ ಆರಂಭವಾಗಿದ್ದ ಸೇವೆಯಿದು. ಸಂಗ್ರಹವನ್ನು ಹಿಂಪಡೆಯಲು ಬಳಕೆದಾರರಿಗೆ ಕಾಲಾವಕಾಶ ದೊರೆತರೂ ಕೈಸೇರಿದ್ದು ಮುಖ್ಯವಾಗಿ ಕೊಂಡಿಗಳ ಪಟ್ಟಿಯೇ ಹೊರತು ಲೇಖನಗಳಲ್ಲ. ಮೂಲ ತಾಣವೇ ಲೇಖನವನ್ನು ತೆಗೆದುಹಾಕಿದ್ದರೆ ಆ ಕೊಂಡಿ ನಿಷ್ಪ್ರಯೋಜಕ.

ಆಂಡ್ರಾಯ್ಡ್ ಮೊಬೈಲ್‌ಗಳ ಕ್ರೋಮ್ ಬ್ರೌಸರ್‌ಗೆ 2016ರ ಡಿಸೆಂಬರ್‌ನಲ್ಲಿ ಬಂದ ಡೌನ್‌ಲೋಡ್ ಸೌಲಭ್ಯದ ರೀತಿಯೇ ಬೇರೆ. ಅದು ಪುಟದ ಪಠ್ಯವನ್ನೂ ಚಿತ್ರಗಳನ್ನೂ ಮೊಬೈಲ್‌ನಲ್ಲಿಯೇ ಇರಿಸುತ್ತದೆ. ಸಂಪರ್ಕ ಕಡಿದಾಗಲೂ ಓದು ನಿಲ್ಲದು. ಆದರೆ ಮೊಬೈಲ್ ಕಳೆದರೆ ಪ್ರತಿಯೂ ಕಳೆಯುತ್ತದೆ. ಆದ್ದರಿಂದ ಪರೀಕ್ಷಾ ಟಿಪ್ಪಣಿ, ಸರಕಾರಿ ಅಧಿಸೂಚನೆಗಳಂತಹ ಅಗತ್ಯ ಪುಟಗಳನ್ನು ಪಿಡಿಎಫ್ ರೂಪದಲ್ಲಿ ಇನ್ನೊಂದೆಡೆಯೂ ಇರಿಸಿಕೊಳ್ಳುವುದು ಲೇಸು.