7,000 ದಿರ್ಹಮ್ ಸಂಬಳ: ಕುಟುಂಬ ಸಮೇತ ಗಲ್ಫಿಗೆ ಹೊರಡುವ ಮುನ್ನ

ಮಾರ್ಚ್ ತಿಂಗಳ ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಪರಿಸರದ ಕನ್ನಡ ಮಾಧ್ಯಮ ಶಾಲೆಗಳಿಗೆ ವರ್ಗಾವಣೆ ಪತ್ರ ಕೇಳಿಕೊಂಡು ಬರುವ ಹೆತ್ತವರಲ್ಲಿ ಗಲ್ಫಿಗೆ ಹೊರಟವರೂ ಇರುತ್ತಾರೆ. ಯುಎಇಯ ಭಾರತೀಯ ಪಠ್ಯಕ್ರಮದ ಶಾಲೆಗಳು ಎಪ್ರಿಲ್‌ನಲ್ಲಿಯೇ ಆರಂಭವಾಗುವುದರಿಂದ ಅವರಿಗೆ ಜೂನ್‌ವರೆಗೆ ಕಾಯುವ ವ್ಯವಧಾನವಿಲ್ಲ. ಮಕ್ಕಳನ್ನು ಜತೆಯಲ್ಲಿಟ್ಟುಕೊಳ್ಳಬೇಕೆಂಬ ತಂದೆಯ ಆಸೆಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಆ ಸಂಬಳದಲ್ಲಿ ನಾಲ್ವರ ಸಂಸಾರ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲು ಯಾರಾದರೂ ಕಾಗದದ ಮೇಲೆ ಬರೆದು ನೋಡಿದ್ದಾರೆಯೇ?

ಬರೆದು ನೋಡಿದವರೂ ಮೊದಲು ಮಾಡುವ ತಪ್ಪು ಸಂಬಳವನ್ನು ರೂಪಾಯಿಗೆ ಪರಿವರ್ತಿಸುವುದು. 1 ದಿರ್ಹಮಿಗೆ 24 ರೂಪಾಯಿ ಎಂದಿಟ್ಟುಕೊಂಡರೆ 7,000 ದಿರ್ಹಮ್ ಎಂದರೆ 1,68,000 ರೂಪಾಯಿ. ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬಿದ್ದ ಮನೆಯಲ್ಲಿ ಮುಂದಿನ ಲೆಕ್ಕವೇ ನಿಂತುಹೋಗುತ್ತದೆ. ಆದರೆ ದುಡಿದದ್ದನ್ನು ಅಲ್ಲಿಯೇ ಖರ್ಚು ಮಾಡುವವನಿಗೆ ರೂಪಾಯಿಯ ದರ ಯಾವ ಉಪಕಾರಕ್ಕೂ ಬಾರದು. ಆ ದರದ ಲಾಭವೆಲ್ಲ ಊರಿಗೆ ಕಳುಹಿಸುವ ಹಣಕ್ಕೆ ಮಾತ್ರ.

ಎರಡನೆಯ ತಪ್ಪು ವೀಸಾ ನಿಯಮವನ್ನೇ ಜೀವನಮಟ್ಟದ ಅಳತೆಯೆಂದು ತಿಳಿಯುವುದು. ಯುಎಇಯಲ್ಲಿ ಹೆಂಡತಿ ಮಕ್ಕಳಿಗೆ ವಾಸದ ವೀಸಾ ಪಡೆಯಲು 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜತೆಗೆ ವಸತಿ ಇದ್ದರೆ ಸಾಕು. ಹಿಂದೆ ಉದ್ಯೋಗದ ಹೆಸರನ್ನೂ ನೋಡುತ್ತಿದ್ದರು; 2019ರ ಸುಧಾರಣೆಯ ಬಳಿಕ ಆದಾಯವನ್ನು ಮಾತ್ರ ನೋಡುತ್ತಾರೆ. ಸರಕಾರ ಬಾಗಿಲು ತೆರೆದಿದೆ ಎಂಬುದು ಇದರ ಅರ್ಥವೇ ಹೊರತು, ಒಳಗೆ ಬಂದವರು ಬದುಕಬಲ್ಲರು ಎಂದಲ್ಲ.

ಷಾರ್ಜಾದಲ್ಲಿ 7,000 ದಿರ್ಹಮ್ ಸಂಬಳದ ಉದ್ಯೋಗಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಹೆಂಡತಿ, ಐದನೆಯ ಮತ್ತು ಎರಡನೆಯ ತರಗತಿಯ ಇಬ್ಬರು ಮಕ್ಕಳು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾವೇ ಇಟ್ಟುಕೊಂಡವು. ಓದುಗರು ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು. ಹಳೆಯ ಕಟ್ಟಡದಲ್ಲಿ ಒಂದು ಮಲಗುವ ಕೋಣೆಯ ಮನೆಗೆ ವರ್ಷಕ್ಕೆ 36,000, ಅಂದರೆ ತಿಂಗಳಿಗೆ 3,000. ವಿದ್ಯುತ್, ನೀರು, ಅಡುಗೆ ಅನಿಲ, ಇಂಟರ್‌ನೆಟ್ ಸೇರಿ 700. ಬೇಸಿಗೆಯಲ್ಲಿ ಎ.ಸಿ. ಆರಿಸಲಾಗದ ಊರಿನಲ್ಲಿ ಇದು ಕೈಬಿಗಿ ಹಿಡಿದ ಲೆಕ್ಕವೇ. ಕಡಿಮೆ ಶುಲ್ಕದ ಭಾರತೀಯ ಶಾಲೆಯಲ್ಲಿ ಮಗುವೊಂದಕ್ಕೆ ವರ್ಷಕ್ಕೆ 8,000 ಶುಲ್ಕ, 3,500 ಬಸ್ಸು. ಇಬ್ಬರಿಗೆ 23,000, ತಿಂಗಳಿಗೆ ಸುಮಾರು 1,900. ದಿನಸಿ, ತರಕಾರಿ, ಹಾಲು 1,800. ಓಡಾಟ ಮತ್ತು ಫೋನ್ 500. ಮೂವರ ವೀಸಾ ಹಾಗೂ ಆರೋಗ್ಯ ವಿಮೆಯ ವೆಚ್ಚವನ್ನು ಎರಡು ವರ್ಷಕ್ಕೆ ಹಂಚಿದರೆ 500. ವರ್ಷಕ್ಕೊಮ್ಮೆ ನಾಲ್ವರೂ ಊರಿಗೆ ಬಂದುಹೋಗುವ ಟಿಕೇಟಿಗಾಗಿ ತಿಂಗಳಿಗೆ 500.

ಒಟ್ಟು 8,900. ಸಂಬಳಕ್ಕಿಂತ 1,900 ಹೆಚ್ಚು. ಇದರಲ್ಲಿ ಔಷಧಿ, ಬಟ್ಟೆಬರೆ, ಮದುವೆ ಮುಂಜಿಯ ಉಡುಗೊರೆ ಯಾವುದೂ ಸೇರಿಲ್ಲ. ಊರಿನಲ್ಲಿರುವ ತಂದೆ ತಾಯಿಗೆ ಕಳುಹಿಸುವ ಒಂದು ಕಾಸೂ ಸೇರಿಲ್ಲ.

ಅದೇ ವ್ಯಕ್ತಿ ಒಂಟಿಯಾಗಿದ್ದು, ಹಂಚಿಕೊಂಡ ಕೋಣೆಯ ಹಾಸಿಗೆಗೆ 800, ಊಟಕ್ಕೆ 700, ಇತರ ಖರ್ಚಿಗೆ 500 ವ್ಯಯಿಸಿದರೆ 5,000 ದಿರ್ಹಮ್ ಉಳಿಯುತ್ತದೆ. ಊರಿಗೆ ತಲುಪುವಾಗ ಅದು 1,20,000 ರೂಪಾಯಿ. ಕಾಸರಗೋಡಿನ ಹಳ್ಳಿಯೊಂದರಲ್ಲಿ ಸಂಸಾರ ನಡೆದು, ಬ್ಯಾಂಕಿನ ಕಂತು ಕಟ್ಟಿ, ಸ್ವಲ್ಪ ಮಿಗಬಹುದಾದ ಮೊತ್ತವಿದು. ಒಟ್ಟಿಗೆ ಬದುಕುವುದಕ್ಕೆ ಈ ಕುಟುಂಬ ತೆರುವ ಬೆಲೆ ಹೀಗೆ 1,900 ಮಾತ್ರವಲ್ಲ, ಕೈತಪ್ಪುವ 5,000ವೂ ಸೇರಿ ತಿಂಗಳಿಗೆ 6,900 ದಿರ್ಹಮ್. ಆ ಬೆಲೆ ತೆರಲು ಯೋಗ್ಯವೇ ಎಂಬುದನ್ನು ಗಂಡ ಹೆಂಡತಿ ಕುಳಿತು ನಿರ್ಧರಿಸಲಿ. ಅಂಕಿಯನ್ನು ತಿಳಿದು ನಿರ್ಧರಿಸಲಿ ಎಂಬಷ್ಟೇ ನಮ್ಮ ಮಾತು. ಹೆತ್ತವರಿಗೆ ಸಾವಿರ, ಮಕ್ಕಳ ಟ್ಯೂಷನ್ನಿಗೆ ನಾನ್ನೂರು ಸೇರಿಸಿದರೆ, ಈ ಮಾದರಿಯ ಕುಟುಂಬಕ್ಕೆ ಉಳಿತಾಯವಿಲ್ಲದೆಯೇ ಹತ್ತು ಸಾವಿರ ದಿರ್ಹಮ್ ಮೀರಿದ ಸಂಬಳ ಬೇಕಾಗುತ್ತದೆ.

ಆರಂಭದ ಖರ್ಚು ಪ್ರತ್ಯೇಕ. ಅಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ಪದ್ಧತಿ ಕಡಿಮೆ. ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕದ ಕೆಲವೇ ಚೆಕ್ಕುಗಳಲ್ಲಿ ಬರೆದುಕೊಡಬೇಕು. ನಾಲ್ಕು ಚೆಕ್ಕುಗಳೆಂದರೆ ಮೊದಲ ಕಂತು 9,000. ಭದ್ರತಾ ಠೇವಣಿ ಮತ್ತು ದಲ್ಲಾಳಿ ಕಮಿಷನ್ 3,600, ವಿದ್ಯುತ್ ಸಂಪರ್ಕದ ಠೇವಣಿ 1,500, ಮೂವರ ವೀಸಾ ಮತ್ತು ವಿಮೆ 12,000, ಪ್ರಯಾಣ 2,000, ಪಾತ್ರೆ ಹಾಸಿಗೆ ಇತ್ಯಾದಿ 5,000, ಶಾಲೆಯ ಮೊದಲ ಕಂತು ಹಾಗೂ ಪುಸ್ತಕ ಸಮವಸ್ತ್ರ 6,000. ಒಟ್ಟು 39,100 ದಿರ್ಹಮ್. 9 ಲಕ್ಷ ರೂಪಾಯಿ ದಾಟಿತು. ಚಿನ್ನ ಅಡವಿಟ್ಟು ಇದನ್ನು ಹೊಂದಿಸಿದವರು ಮೇಲಿನ ಪಟ್ಟಿಗೆ ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು.

ಉದ್ಯೋಗದ ಪ್ರಸ್ತಾವ ಪತ್ರವನ್ನು ಓದುವಾಗ ಒಟ್ಟು ಮೊತ್ತಕ್ಕಿಂತ ಮೂಲವೇತನದ ಸಾಲಿನ ಮೇಲೆ ಕಣ್ಣಿಡಬೇಕು. ಸೇವಾಂತ್ಯದ ಗ್ರಾಚ್ಯುಯಿಟಿಯನ್ನು ಮೂಲವೇತನದ ಆಧಾರದಲ್ಲಿಯೇ ಎಣಿಸುತ್ತಾರೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ವೇತನ, ಬಳಿಕ 30 ದಿನದ್ದು. 7,000ದಲ್ಲಿ ಮೂಲವೇತನ 4,000 ಮಾತ್ರವಾಗಿದ್ದು ಉಳಿದದ್ದು ಭತ್ಯೆಯಾಗಿದ್ದರೆ ಐದು ವರ್ಷಕ್ಕೆ ಸಿಗುವುದು 14,000 ದಿರ್ಹಮ್. 24,500 ಸಿಗುತ್ತದೆಂದು ನಂಬಿ ಊರಿನಲ್ಲಿ ಮನೆಯ ಅಡಿಪಾಯ ಹಾಕಿದವನಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ಕುಟುಂಬದ ವಿಮೆಯನ್ನು ಯಾರು ಭರಿಸುತ್ತಾರೆ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಅಬುಧಾಬಿಯಲ್ಲಿ ಹೆಂಡತಿ ಮತ್ತು ಮೂವರು ಮಕ್ಕಳ ವಿಮೆ ಉದ್ಯೋಗದಾತನ ಹೊಣೆ. ದುಬೈಯಲ್ಲಿ ಅದು ಕುಟುಂಬವನ್ನು ಕರೆಸಿಕೊಂಡವನದೇ ಹೊಣೆ. ಹೆಂಡತಿಯೂ ಅಲ್ಲಿ ಕೆಲಸ ಹುಡುಕಬಹುದು ಎಂಬ ಮಾತು ಪ್ರತಿ ಮನೆಯಲ್ಲಿಯೂ ಕೇಳಿಬರುತ್ತದೆ. ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಕೈಗೆ ಬಾರದ ಸಂಬಳವನ್ನು ಆದಾಯದ ಅಂಕಣದಲ್ಲಿ ಬರೆಯಕೂಡದು.

ಸೌದಿ ಅರೇಬಿಯಾಕ್ಕೆ ಹೊರಟವರ ಲೆಕ್ಕ ಇನ್ನೂ ಬಿಗಿ. 2017ರ ಜುಲೈಯಲ್ಲಿ ಅವಲಂಬಿತರೊಬ್ಬರಿಗೆ ತಿಂಗಳಿಗೆ 100 ರಿಯಾಲ್‌ನಂತೆ ಆರಂಭಿಸಿದ ಶುಲ್ಕ ವರ್ಷ ವರ್ಷ ಏರಿ 2020ರಲ್ಲಿ 400ಕ್ಕೆ ತಲುಪಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ತಿಂಗಳಿಗೆ 1,200 ರಿಯಾಲ್. 5,000 ರಿಯಾಲ್ ಸಂಬಳದವನ ಆದಾಯದ ಸುಮಾರು ಕಾಲು ಭಾಗ. 2020ರ ಜುಲೈಯಲ್ಲಿ ಮೌಲ್ಯವರ್ಧಿತ ತೆರಿಗೆಯೂ ಶೇ. 5ರಿಂದ 15ಕ್ಕೇರಿತು. ಆದಾಯ ತೆರಿಗೆ ಇಲ್ಲವೆಂಬ ಸಮಾಧಾನಕ್ಕೆ ಇಲ್ಲಿ ಹೆಚ್ಚು ಅರ್ಥವಿಲ್ಲ.

ಇನ್ನು ಕನ್ನಡ ಮಾಧ್ಯಮದ ಮನೆಗಳಿಗೆ ಮಾತ್ರ ತಟ್ಟುವ ವಿಷಯ. ನಮ್ಮ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಿಕ್ಷಣ ಉಚಿತ. ಎಂಟನೆಯ ತರಗತಿಯವರೆಗೆ ಮಧ್ಯಾಹ್ನದ ಊಟವೂ ಇದೆ. ಮನೆಖರ್ಚಿನಲ್ಲಿ ಶಾಲೆಗೊಂದು ಅಂಕಣವೇ ಇಲ್ಲದೆ ಬೆಳೆದ ಹೆತ್ತವರಿಗೆ ಅಲ್ಲಿನ ಶುಲ್ಕದ ಕಲ್ಪನೆ ಸುಲಭಕ್ಕೆ ಬರುವುದಿಲ್ಲ. ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿತ ಐದನೆಯ ತರಗತಿಯ ಮಗು ಏಕಾಏಕಿ ಇಂಗ್ಲಿಷ್ ಮಾಧ್ಯಮಕ್ಕೆ ಬೀಳುತ್ತದೆ, ಜತೆಗೆ ಕಡ್ಡಾಯ ಅರೇಬಿಕ್ ಸೇರುತ್ತದೆ. ಎರಡನೆಯ ತರಗತಿಯ ತಮ್ಮ ಬೇಗ ಹೊಂದಿಕೊಂಡಾನು, ಅಕ್ಕನಿಗೆ ಕಷ್ಟ. ಸಿಬಿಎಸ್‌ಇಯ ಭಾಷಾ ಪಟ್ಟಿಯಲ್ಲಿ ಕನ್ನಡವಿದೆ ನಿಜ, ಆದರೆ ಶಾಲೆ ಕಲಿಸಿದರೆ ಮಾತ್ರ ಅದರಿಂದ ಪ್ರಯೋಜನ. ದುಬೈಯ ಕನ್ನಡಿಗರು ವಾರಾಂತ್ಯದಲ್ಲಿ ನಡೆಸುವ ಪಾಠಶಾಲೆ ಅಭಿನಂದನೀಯ. ಆದರೂ ವಾರದ ಕೆಲವು ಗಂಟೆಗಳ ಅಕ್ಷರಾಭ್ಯಾಸವು ಮಾಧ್ಯಮವೊಂದರ ಸ್ಥಾನವನ್ನು ತುಂಬಲಾರದು.

ಕೆಲಸ ಹೋಗಿ ಮೂರು ವರ್ಷಗಳಲ್ಲಿ ಮರಳಿದರೆ? ಆಗ ಎಂಟನೆಯ ತರಗತಿಯಲ್ಲಿರುವ ಆ ಹುಡುಗಿ ಕನ್ನಡದಲ್ಲಿ ಸಮಾಜ ವಿಜ್ಞಾನದ ಉತ್ತರ ಬರೆಯಲು ತಡವರಿಸುತ್ತಾಳೆ. ಹೀಗೆ ಮರಳಿದ ಮಕ್ಕಳು ಊರಿನಲ್ಲಿ ಹಣ ತೆತ್ತು ಇಂಗ್ಲಿಷ್ ಮಾಧ್ಯಮ ಶಾಲೆ ಸೇರಬೇಕಾಗಿ ಬರಬಹುದು. ಗಲ್ಫಿನ ಲೆಕ್ಕದಲ್ಲಿ ಈ ಖರ್ಚನ್ನು ಬರೆದವರನ್ನು ನಾವು ಕಂಡಿಲ್ಲ.

ಇನ್ನೊಂದನ್ನು ಹೆತ್ತವರು ಮರೆಯುವಂತಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡ ಕನ್ನಡಿಗ ವಿದ್ಯಾರ್ಥಿಗಳಿಗೆ ಇರುವ ಅರ್ಹತೆಗೆ ಮಾತೃಭಾಷೆಯೊಂದೇ ಸಾಲದು. ಈ ಪ್ರದೇಶದಲ್ಲಿ ವಾಸವಿದ್ದು ಓದಿದ ದಾಖಲೆಯೂ ಬೇಕು. ವೃತ್ತಿಶಿಕ್ಷಣಕ್ಕೆ ಮಂಗಳೂರನ್ನೇ ನೆಚ್ಚಿಕೊಂಡ ಮನೆಗಳು ವರ್ಗಾವಣೆ ಪತ್ರ ಪಡೆಯುವ ಮೊದಲು ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಕೊಳ್ಳಬೇಕು. ಒಂಬತ್ತು ಮತ್ತು ಹತ್ತನೆಯ ತರಗತಿಗಳ ನಡುವೆ ಮಗುವನ್ನು ಸಿಬಿಎಸ್‌ಇಗೆ ಬದಲಿಸುವುದು ನಿಯಮದ ದೃಷ್ಟಿಯಿಂದಲೂ ತೊಡಕಿನದ್ದು.

7,000ದ ಆಸುಪಾಸಿನ ಸಂಬಳದವರಿಗೆ ನಮ್ಮ ಸಲಹೆ ಇಷ್ಟೇ: ಮೊದಲ ವರ್ಷ ಒಬ್ಬರೇ ಹೋಗಿ. ಎಪ್ರಿಲ್, ಮೇ ರಜೆಯಲ್ಲಿ ಹೆಂಡತಿ ಮಕ್ಕಳನ್ನು 60 ದಿನದ ಭೇಟಿ ವೀಸಾದಲ್ಲಿ ಕರೆಸಿಕೊಳ್ಳಿ. ಆ ಎರಡು ತಿಂಗಳ ದಿನಸಿ ಅಂಗಡಿಯ ಬಿಲ್ಲು, ಟ್ಯಾಕ್ಸಿ, ಔಷಧಿ, ಮಕ್ಕಳು ಬೇಡಿದ ಐಸ್‌ಕ್ರೀಮು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಹತ್ತಿರದ ಭಾರತೀಯ ಶಾಲೆಗೆ ಹೋಗಿ ಶುಲ್ಕದ ಪಟ್ಟಿ ತನ್ನಿ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಕ್ಕಳು ಊರಿನಲ್ಲಿರಲಿ. ಆರನೆಯ ಅಧ್ಯಯನ ದಿನದಂದು ತಲೆ ಎಣಿಸಿ ಅಧ್ಯಾಪಕರ ಹುದ್ದೆ ನಿಗದಿಪಡಿಸುವಾಗ ಅವರ ಹೆಸರು ಕನ್ನಡ ತರಗತಿಯ ಹಾಜರಿ ಪುಸ್ತಕದಲ್ಲಿಯೇ ಇರಲಿ. ಮುಂದಿನ ಮಾರ್ಚ್‌ನೊಳಗೆ ಆ ಲೆಕ್ಕಪುಸ್ತಕವನ್ನು ಮುಂದಿಟ್ಟುಕೊಂಡು ತೀರ್ಮಾನಿಸಬಹುದು.