ಅಡಿಕೆಯಷ್ಟು ಗಂಟು

ನನ್ನ ಅಮ್ಮ ಸತ್ತದ್ದು 1988ರಲ್ಲಿ, ಎದೆಯ ಕ್ಯಾನ್ಸರಿನಿಂದ. ಎದೆಯಲ್ಲಿ ಗಂಟಿದೆಯೆಂದು ಅವಳಿಗೆ ಗೊತ್ತಾದದ್ದು ಅದಕ್ಕೂ ಎರಡು ವರ್ಷ ಮೊದಲು. ಎರಡು ವರ್ಷ ಅವಳು ಅದನ್ನು ಸೆರಗಿನೊಳಗೇ ಇಟ್ಟುಕೊಂಡು ಹಿಟ್ಟು ರುಬ್ಬಿದಳು, ಬಾವಿಯಿಂದ ನೀರು ಸೇದಿದಳು, ಬಾಣಂತನಗಳನ್ನು ಮಾಡಿದಳು. ಮೂವರು ಹೆಣ್ಣುಮಕ್ಕಳಿದ್ದೂ ಒಬ್ಬಳಿಗೂ ಬಾಯಿ ಬಿಡಲಿಲ್ಲ. ರವಿಕೆಗೆ ರಕ್ತದ ಕಲೆ ಹತ್ತತೊಡಗಿದ ಮೇಲೆ ನಾನೇ ಕಂಡು ಕೇಳಿದಾಗ, “ಇಂಥದನ್ನೆಲ್ಲ ಯಾರ ಹತ್ರ ಹೇಳ್ಕೊಳೋದೇ?” ಎಂದಳು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಬರಹದಲ್ಲಿ ನನ್ನ ದನಿ ಸ್ವಲ್ಪ ಏರಿದ್ದು ಕಂಡರೆ ಅದಕ್ಕೆ ಕಾರಣ ಆ ಮಾತೇ ಎಂದು ತಿಳಿಯಿರಿ.

ಈಗ ಪುಟ್ಟಿಯ ವಿಷಯಕ್ಕೆ ಬರುತ್ತೇನೆ. ಪುಟ್ಟಿ ನನ್ನ ತಂಗಿಯ ಮಗಳು. ಇಪ್ಪತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಕೆಲಸ. ಹುಟ್ಟಿದಾಗ ಗಂಡು ಮಗುವೆಂದು ಊರಿಗೆಲ್ಲ ಪೇಡೆ ಹಂಚಿ, ಪುಟ್ಟ ಎಂದು ಕರೆಯುತ್ತಿದ್ದೆವು. ತಾನು ಗಂಡಲ್ಲವೆಂದು ಅವಳು ಹೇಳಿದ ದಿನ ಮನೆಯಲ್ಲಿ ಏನೇನು ನಡೆಯಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬಾಯಿಗೆ ಒಂದು ಗುಡಿಸು ತಿರುಗಿಸಲು, ಪುಟ್ಟನನ್ನು ಪುಟ್ಟಿ ಮಾಡಲು, ಎರಡು ವರ್ಷ ಹಿಡಿಯಿತು ಎಂದರೆ ಸಾಕು.

ಅವಳು ಬೆಂಗಳೂರಿನಲ್ಲಿ ಹಾರ್ಮೋನಿನ ಡಾಕ್ಟರೊಬ್ಬರ ಬಳಿ ಕ್ರಮವಾಗಿಯೇ ಔಷಧಿ ಶುರುಮಾಡಿದಳು. ಹೆಣ್ಣಿನ ಹಾರ್ಮೋನಾದ ಎಸ್ಟ್ರಾಡಿಯಾಲ್ ಮಾತ್ರೆ ಒಂದು, ಗಂಡಿನ ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇನ್ನೊಂದು. ಮೂರು ತಿಂಗಳು ತುಂಬಿದ ಮೇಲೆ, ಅಜ್ಜಿಯ ತಿಥಿಗೆಂದು ಊರಿಗೆ ಬಂದಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಗೆ ಬಂದು, “ದೊಡ್ಡಮ್ಮಾ, ಇಲ್ಲೊಂದು ಚೂರು ಮುಟ್ಟಿ ನೋಡು” ಎಂದಳು. ಎಡಗಡೆ, ಮೊಲೆತೊಟ್ಟಿನ ನೇರ ಕೆಳಗೆ, ಅಡಿಕೆಯಷ್ಟು ಗಂಟು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಬಲಗಡೆ ಏನೂ ಇಲ್ಲ. “ಅಜ್ಜಿಗೆ ಬಂದದ್ದೇ ನನಗೂ ಬಂತಾ?” ಎಂದಳು. ಬಸ್ಸು ಹಂಪಿನ ಮೇಲೆ ಹಾರಿದಾಗಲೆಲ್ಲ ಎದೆಗೆ ಕೈ ಅಡ್ಡ ಹಿಡಿದುಕೊಂಡೇ ಊರು ತಲುಪಿದ್ದಳಂತೆ.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹೆದರಿಕೆಯಲ್ಲಿ ನನ್ನ ಬಾಯಿಂದ ಹೊರಟ ಮಾತು, “ಬೇಕು ಅಂತ ನೀನೇ ತಂದ್ಕೊಂಡಿದ್ದಲ್ವೇನೇ ಇದು?” ಎಂಬುದು. ಅವಳು ಏನೂ ಅನ್ನದೆ ದುಪ್ಪಟ್ಟಾ ಸರಿಮಾಡಿಕೊಂಡಳು. ಆ ಸರಿಮಾಡಿಕೊಳ್ಳುವುದನ್ನು ನಾನು ಎಲ್ಲಿಯೋ ನೋಡಿದ್ದೆ. ನನ್ನ ಅಮ್ಮ ಸೆರಗು ಎಳೆದುಕೊಳ್ಳುತ್ತಿದ್ದದ್ದು ಹೀಗೆಯೇ.

ಮಾರನೆಯ ಬೆಳಿಗ್ಗೆ ಊರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಪರೀಕ್ಷೆಗೆ ಕೈ ಕೂಡ ಚಾಚಲಿಲ್ಲ. ಮೇಜಿನ ಆಚೆಯಿಂದಲೇ, “ಮಾತ್ರೆ ನಿಲ್ಲಿಸಿ, ತಾನಾಗೇ ಹೋಗುತ್ತೆ. ಇದೆಲ್ಲ ಯಾಕೆ ಬೇಕಿತ್ತು?” ಎಂದು ಮುಂದಿನ ಪೇಷೆಂಟಿಗೆ ಗಂಟೆ ಒತ್ತಿದರು. ಇನ್ನೂರು ರೂಪಾಯಿ ಫೀಸು ಮಾತ್ರ ತೆಗೆದುಕೊಂಡರು. ಬೆಂಗಳೂರಿನ ಡಾಕ್ಟರು ಸಿಗುವುದಕ್ಕೆ ಇನ್ನೂ ಆರು ವಾರ ಇತ್ತು.

ನಾನು ಇಂಗ್ಲಿಷ್ ಟೀಚರಾಗಿ ನಿವೃತ್ತಳಾದವಳು, ಓದುವುದಕ್ಕೆ ಬರುತ್ತದೆ. ಆ ಆರು ವಾರ ಕೂತು ಓದಿದೆ. ಓದುತ್ತ ಹೋದಂತೆ ಹೆದರಿಕೆ ಇಳಿದು ಸಿಟ್ಟು ಏರಿತು. ಅಷ್ಟು ಸಣ್ಣ ವಿಷಯ, ಅಷ್ಟು ಸಲೀಸಾಗಿ ಹೇಳಬಹುದಾಗಿತ್ತು!

ಆ ಗಂಟು ಬೇರೇನೂ ಅಲ್ಲ, ಮೊಲೆಯ ಮೊಗ್ಗು. ನನಗೂ ನಿಮಗೂ ಹತ್ತೋ ಹನ್ನೆರಡೋ ವರ್ಷಕ್ಕೆ ಬಂದದ್ದು. ನೆನಪು ಮಾಡಿಕೊಳ್ಳಿ. ನಮಗೂ ಒಂದು ಕಡೆ ಮೊದಲು ಬಂದಿತ್ತು, ಇನ್ನೊಂದು ಕಡೆ ಹಿಂದಿನಿಂದ. ನಮಗೂ ಹಾಸಿಗೆಯ ಮೇಲೆ ಬೋರಲು ಮಲಗಲು ಆಗುತ್ತಿರಲಿಲ್ಲ. ನಾನಂತೂ ಕುಂಟೆಬಿಲ್ಲೆ ಆಡುವಾಗ ಯಾರದೋ ಮೊಣಕೈ ತಗುಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದೆ. ಸಾಯುತ್ತೇನೆಂದೇ ಒಂದು ವಾರ ನಂಬಿದ್ದೆ. ಅಮ್ಮನನ್ನು ಕೇಳಿದ್ದಕ್ಕೆ, “ಥೂ, ಸುಮ್ನಿರು” ಎಂದು ಮಾರನೆಯ ದಿನದಿಂದ ಲಂಗದ ಮೇಲೆ ದಾವಣಿ ಹಾಕಿಸಿದಳು. ಉತ್ತರ ಕೊಡುವ ಬದಲು ಬಟ್ಟೆ ಹೊದಿಸುವುದು! ನಮ್ಮ ಮನೆಗಳಲ್ಲಿ ಹೆಣ್ಣಿನ ಎದೆಯ ಬಗ್ಗೆ ಇರುವ ವಿದ್ಯೆಯೆಲ್ಲ ಇಷ್ಟೇ.

ಹಾರ್ಮೋನು ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೂ ಇದೇ ಹಾದಿ. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯಲು ಶುರುವಾಗುತ್ತದೆ, ಪೂರ್ತಿಯಾಗಲು ಎರಡು ಮೂರು ವರ್ಷ ಬೇಕು. ಮೂರು ತಿಂಗಳಿಗೆ ಅಡಿಕೆಯಷ್ಟು ಗಂಟು ಎಂದರೆ ಗಡಿಯಾರ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಒಂದು ಕಡೆ ಮುಂದು, ಒಂದು ಕಡೆ ಹಿಂದು ಆಗುವುದು ನಮ್ಮಂತೆಯೇ. ಚಿಂತೆ ಮಾಡಬೇಕಾದ ಗಂಟಿನ ಲಕ್ಷಣಗಳು ಬೇರೆ: ತೊಟ್ಟಿನ ಕೆಳಗಲ್ಲದೆ ಬೇರೆಲ್ಲೋ ಕಲ್ಲಿನಂತೆ ಕೂತು ಅಲುಗಾಡದ್ದು, ಚರ್ಮ ಒಳಗೆ ಎಳೆದುಕೊಂಡದ್ದು, ತೊಟ್ಟಿನಿಂದ ರಕ್ತ ಒಸರುವುದು, ಕಂಕುಳಲ್ಲಿ ಗಡ್ಡೆ. ಅಂಥದು ಕಂಡರೆ ಯಾರೇ ಆಗಲಿ ಅದೇ ವಾರ ಡಾಕ್ಟರಿಗೆ ತೋರಿಸಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು, ಮುಟ್ಟಿ ನೋಡಲು ಇನ್ನೆರಡು ನಿಮಿಷ.

ಮೇಲಾಗಿ ಆಕೆ ಹೇಳಿದ ಒಂದೇ ಒಂದು ವೈದ್ಯಕೀಯ ಮಾತೂ ತಪ್ಪು. ಹಾರ್ಮೋನಿನಿಂದ ಚೆನ್ನಾಗಿ ಬೆಳೆದ ಮೊಲೆ ಮಾತ್ರೆ ನಿಲ್ಲಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಅದಕ್ಕಾಗಿಯೇ ಶುರುವಿಗೆ ಮೊದಲೇ ಕೂರಿಸಿಕೊಂಡು ಹೇಳಬೇಕು: ಏನು ಬರುತ್ತದೆ, ಯಾವಾಗ ಬರುತ್ತದೆ, ಯಾವುದು ಹಿಂದಕ್ಕೆ ಹೋಗುವುದಿಲ್ಲ, ಮಕ್ಕಳು ಬೇಕೆನಿಸಿದರೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು ಎಂದು. ಬೆಂಗಳೂರಿನ ಡಾಕ್ಟರೂ ಇದರಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟಿದ್ದರು. ನೋವಾಗುತ್ತದೆ ಎಂಬುದೇ ಆ ಬಿಟ್ಟ ಅರ್ಧದಲ್ಲಿತ್ತು.

ಹೇಳದೆ ಬಿಟ್ಟರೆ ಏನಾಗುತ್ತದೆ? ಪುಟ್ಟಿ ಹೊರಡುವ ಹಿಂದಿನ ದಿನ ಅವಳ ಬ್ಯಾಗಿನಲ್ಲಿ ಏನೋ ಹುಡುಕುವಾಗ ನನ್ನ ಕೈಗೆ ನಾಲ್ಕು ಸ್ಟ್ರಿಪ್ ಗರ್ಭನಿರೋಧಕ ಮಾತ್ರೆ ಸಿಕ್ಕಿತು. “ಒಂದೇ ಕಡೆ ಬಂದಿದೆ ಅಂದ್ರೆ ಡೋಸು ಸಾಲ್ತಿಲ್ಲ, ಇದನ್ನೂ ಸೇರಿಸಿ ನುಂಗು, ಎರಡೂ ಕಡೆ ಬೇಗ ಬರುತ್ತೆ” ಎಂದು ಗೆಳತಿಯೊಬ್ಬಳು ಹೇಳಿದ್ದಳಂತೆ. ನಮ್ಮೂರಿನ ಮೆಡಿಕಲ್ ಶಾಪಿನವನು ಚೀಟಿ ಕೇಳಲಿಲ್ಲ, ಯಾರಿಗೆಂದು ಕೇಳಲಿಲ್ಲ, ಹಲ್ಲು ಕಿರಿದು ಕಾಗದದಲ್ಲಿ ಸುತ್ತಿ ಕೊಟ್ಟನಂತೆ. ಗೆಳತಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಡಾಕ್ಟರು ಬಾಯಿ ಮುಚ್ಚಿಕೊಂಡಲ್ಲಿ ಗೆಳತಿಯರೇ ಡಾಕ್ಟರಾಗುತ್ತಾರೆ. ನಮ್ಮ ಮುಟ್ಟಿನ ಬಗ್ಗೆ ನಾವು ಕಲಿತದ್ದೂ ಹಾಗೆಯೇ ಅಲ್ಲವೇ?

ಆದರೆ ಮಾತ್ರೆಯ ಬಗ್ಗೆ ನಾನು ಸುಮ್ಮನಿರಲಾರೆ. ಗೋಡೆಗೋಡೆಯ ಮೇಲೆ ಮಾಲಾ-ಡಿ ಜಾಹೀರಾತು ಇದ್ದ ಕಾಲದಿಂದ ನಾವು ನುಂಗುತ್ತ ಬಂದ ಈ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಬೇರೆ ಬಗೆಯ ಹಾರ್ಮೋನು. ಹಿಂದೆ ಇದನ್ನು ಪುಟ್ಟಿಯಂಥವರ ಚಿಕಿತ್ಸೆಗೂ ಕೊಡುತ್ತಿದ್ದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾದದ್ದು ಕಂಡು ತಿಳಿದ ಡಾಕ್ಟರುಗಳು ಕೈಬಿಟ್ಟರು. ಹೆಪ್ಪು ಶ್ವಾಸಕೋಶಕ್ಕೆ ಏರಿದರೆ ಪ್ರಾಣಕ್ಕೇ ಬರುತ್ತದೆ. ಇಷ್ಟೆಲ್ಲ ಅಪಾಯಕ್ಕೆ ಕೈಹಾಕಿದರೂ ಬರುವ ಲಾಭವೇನು? ಯೂರೋಪಿನ ಕೆಲವು ಆಸ್ಪತ್ರೆಗಳು ಸೇರಿ 229 ಮಂದಿಯನ್ನು ಒಂದು ವರ್ಷ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲಾಗಿತ್ತು. ವರ್ಷದ ಕೊನೆಗೆ ಸುಮಾರು ಅರ್ಧದಷ್ಟು ಮಂದಿಗೆ ಬ್ರಾದ ಅತಿ ಚಿಕ್ಕ ಅಳತೆಯೂ ತುಂಬಿರಲಿಲ್ಲ. ರಕ್ತದಲ್ಲಿ ಎಸ್ಟ್ರಾಡಿಯಾಲ್ ಎಷ್ಟಿತ್ತೆಂಬುದನ್ನು ನೋಡಿ ಯಾರಿಗೆ ಎಷ್ಟು ಬೆಳೆಯುತ್ತದೆಂದು ಹೇಳಲೂ ಆಗಲಿಲ್ಲ. ಎರಡು ಪಟ್ಟು ನುಂಗಿದರೆ ಎರಡು ಪಟ್ಟು ಬೆಳೆಯುವುದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದನ್ನು ಪುಟ್ಟಿಗೆ ಓದಿ ಹೇಳಿದೆ. ಅವಳು ಅತ್ತಳು. ಮಾತ್ರೆಯನ್ನು ತಾನೇ ಹೋಗಿ ಕಸದ ಬುಟ್ಟಿಗೆ ಹಾಕಿದಳು. ಅತ್ತದ್ದು ಅಪಾಯ ತಪ್ಪಿದ್ದಕ್ಕಲ್ಲ, ಆ ಅರ್ಧದಷ್ಟು ಮಂದಿಯಲ್ಲಿ ತಾನೂ ಒಬ್ಬಳಾಗಬಹುದೆಂದು. ಅದಕ್ಕೆ ನನ್ನ ಬಳಿ ಸಮಾಧಾನವಿರಲಿಲ್ಲ. ಸಣ್ಣ ಎದೆಯವಳೆಂದು ನನ್ನನ್ನು ನೋಡಲು ಬಂದ ಮೊದಲ ಗಂಡಿನ ತಾಯಿ ನಿರಾಕರಿಸಿದ್ದನ್ನು ಹೇಳಿದೆ. ಕಣ್ಣೊರೆಸಿಕೊಂಡು ನಕ್ಕಳು.

ಈ ವಿಷಯವನ್ನು ನಮ್ಮ ಮಹಿಳಾ ಸಮಾಜದಲ್ಲಿ ಎತ್ತಿದಾಗ ಒಬ್ಬ ಹಿರಿಯರು ಹೇಳಿದ ಮಾತಿಗೆ ಇಲ್ಲಿ ಉತ್ತರ ಕೊಡಲೇಬೇಕು. “ಮಾತ್ರೆ ನುಂಗಿ ಬರಿಸಿಕೊಂಡದ್ದು ಸುಳ್ಳು ಮೊಲೆ. ನಮ್ಮ ಕಷ್ಟ ಬೇರೆ, ಅವರ ಶೋಕಿ ಬೇರೆ” ಎಂದರು ಆಕೆ. ಸುಳ್ಳು ಎಂದರೇನು? ಹಸುಗೂಸಿಗೆ ಎಣ್ಣೆಸ್ನಾನ ಮಾಡಿಸಿದ ಯಾವ ಅಜ್ಜಿಗೆ ಗೊತ್ತಿಲ್ಲ, ತಾಯಿಯ ಹಾರ್ಮೋನಿನಿಂದ ಗಂಡು ಕೂಸಿನ ಎದೆಯೂ ಉಬ್ಬಿ ಒಂದು ತೊಟ್ಟು ಹಾಲು ಬರುವುದುಂಟು ಎಂದು! (ಹಿಂಡಬೇಡಿ, ಬಾವು ಬರುತ್ತದೆ, ತಾನೇ ಇಳಿಯುತ್ತದೆ.) ಹದಿನಾಲ್ಕರ ಹುಡುಗರಲ್ಲಿ ಎಷ್ಟೋ ಮಂದಿಗೆ ಇದೇ ಗಂಟು ಕಾಣಿಸಿಕೊಂಡು, ಅಂಗಿ ಬಿಚ್ಚಲು ನಾಚಿ, ಕಾಲಕ್ರಮದಲ್ಲಿ ಕರಗುತ್ತದೆ. ಹಾಲಿನ ನಾಳದ ಬೀಜ ಎಲ್ಲರ ಎದೆಯಲ್ಲೂ ಇದೆ. ಹಾರ್ಮೋನಿನ ನೀರು ಬಿದ್ದಲ್ಲಿ ಮೊಳೆಯುತ್ತದೆ. ಹೀಗೆ ಬೆಳೆದ ಮೊಲೆಯ ಒಳಗಿನ ಗ್ರಂಥಿಗಳು ಸೂಕ್ಷ್ಮದರ್ಶಕದಲ್ಲಿ ನಮ್ಮವುಗಳಂತೆಯೇ ಕಾಣುತ್ತವೆ. ನಮ್ಮಲ್ಲೂ ಮುಟ್ಟು ನಿಂತ ಮೇಲೆ ಹಾರ್ಮೋನು ಮಾತ್ರೆ ನುಂಗುವವರಿದ್ದಾರೆ. ಅವರ ನೆಮ್ಮದಿಯನ್ನು ಯಾರೂ ಸುಳ್ಳು ಎಂದದ್ದನ್ನು ನಾನು ಕೇಳಿಲ್ಲ.

ಕ್ಯಾನ್ಸರಿನ ಮಾತಿಗೂ ಬರಲಿ. ನೆದರ್ಲೆಂಡ್ಸ್‌ನಲ್ಲಿ ಇಂಥ ಚಿಕಿತ್ಸೆ ಪಡೆದ 2260 ಮಹಿಳೆಯರ ದಾಖಲೆ ತೆಗೆದು ನೋಡಿ 2019ರಲ್ಲಿ ಪ್ರಕಟಿಸಿದರು. ಅವರಲ್ಲಿ 15 ಮಂದಿಗೆ ಎದೆಯೊಳಗೆ ಹರಡುವ ಬಗೆಯ ಕ್ಯಾನ್ಸರ್ ಬಂದಿತ್ತು. ಗಂಡಸರಿಗೆ ಹೋಲಿಸಿದರೆ ಬಹಳ ಹೆಚ್ಚು, ನಮಗೆ ಹೋಲಿಸಿದರೆ ಬಹಳ ಕಡಿಮೆ. ಅಂದಮೇಲೆ ಎದೆಯ ಜೊತೆಗೆ ಎದೆಯ ಭಯವೂ ಅವರ ಪಾಲಿಗೆ ಬಂದಂತಾಯಿತು. ಇನ್ನೆಂಥ ‘ನಿಜ’ ಬೇಕು ಆ ಹಿರಿಯರಿಗೆ?

ಚಿಕಿತ್ಸೆಯಲ್ಲಿ ತೊಂದರೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸ್ಪೈರೊನೊಲ್ಯಾಕ್ಟೋನ್ ರಕ್ತದಲ್ಲಿ ಪೊಟ್ಯಾಸಿಯಮ್ ಏರಿಸಬಲ್ಲದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕು. ಆಗಬೇಕು ಎಂದರೆ ಮಾಡುವವರೂ ಬೇಕಲ್ಲ! 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳಬಹುದೆಂದು ತೀರ್ಪು ಕೊಟ್ಟಿತು. 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆಯಲ್ಲಿ ಹಾರ್ಮೋನು ಚಿಕಿತ್ಸೆಗೆ ಸರ್ಕಾರವೇ ಏರ್ಪಾಡು ಮಾಡಬೇಕೆಂದು ಬರೆದರು. ಕಾಗದದ ಮೇಲೆ ಬರೆದದ್ದು ನಮ್ಮೂರಿನ ಆ ಮೇಜಿನವರೆಗೆ ಬಂದಿರಲಿಲ್ಲ.

ನಾವಾದರೂ ಏನು ಕಡಿಮೆ? 2021ರಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ನಮ್ಮ ಸಮಾಜದ ಹೆಂಗಸರೆಲ್ಲ ಫೋನಿನಲ್ಲಿ ನೋಡಿ ಕಣ್ಣೀರು ಹಾಕಿದ್ದರು. ಜೇಡರ ದಾಸಿಮಯ್ಯನ, ಒಳಗಿನ ಆತ್ಮಕ್ಕೆ ಗಂಡು ಹೆಣ್ಣೆಂಬುದಿಲ್ಲ ಎನ್ನುವ ವಚನವನ್ನು ನಮ್ಮ ಕಾರ್ಯದರ್ಶಿಯೇ ಪ್ರತಿವರ್ಷ ಮಾರ್ಚ್ ಎಂಟಕ್ಕೆ ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ವೇದಿಕೆಯ ಮೇಲಿರುವವರೆಗೆ ಕಣ್ಣೀರು, ಚಪ್ಪಾಳೆ. ಅದೇ ಹೆಣ್ಣುಮಗಳು ಪಕ್ಕದ ಕುರ್ಚಿಯಲ್ಲಿ ಕೂತು ಎದೆ ನೋಯುತ್ತದೆ ಎಂದರೆ ಅದು ಶೋಕಿ!

ಏಳನೆಯ ತಿಂಗಳಲ್ಲಿ ಪುಟ್ಟಿ ಫೋನ್ ಮಾಡಿ, “ದೊಡ್ಡಮ್ಮಾ, ಬಲಗಡೆಗೂ ಬಂತು” ಎಂದಳು, ಸೊಸೆ ಬಸುರಿಯಾದ ಸುದ್ದಿ ಹೇಳುವವರ ದನಿಯಲ್ಲಿ. ಮೆತ್ತನೆಯ ಹತ್ತಿ ಬ್ರಾ ಸಾಕು, ತಂತಿ ಇರುವುದು ಈಗಲೇ ಬೇಡ, ಓಡುವಾಗ ಬಿಗಿಯಾದದ್ದು ಹಾಕಿಕೋ ಎಂದೆ. ನನ್ನ ಅಮ್ಮ ನನಗೆ ಹೇಳದಿದ್ದ ಮಾತುಗಳು.

ಅಕ್ಟೋಬರಿನಲ್ಲಿ ನಮ್ಮ ಸಮಾಜದವರು ಎದೆಯ ಕ್ಯಾನ್ಸರ್ ತಿಳಿವಳಿಕೆಯ ಶಿಬಿರ ಮಾಡುತ್ತಾರೆ, ಗುಲಾಬಿ ರಿಬ್ಬನ್ನು ಹಂಚುತ್ತಾರೆ. ಅದಕ್ಕೆ ಪುಟ್ಟಿಯನ್ನೂ ಅವಳ ಗೆಳತಿಯರನ್ನೂ ಕರೆಯಬೇಕೆಂದು ಕಾಗದ ಬರೆದು ಕೊಟ್ಟಿದ್ದೇನೆ. ಊರಿನ ಆ ಲೇಡಿ ಡಾಕ್ಟರನ್ನೂ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಕೆಳಗೆ ಸೇರಿಸಿದ್ದೇನೆ. “ಕಮಿಟಿಯಲ್ಲಿ ಇಟ್ಟು ಹೇಳ್ತೀವಿ” ಎಂದಿದ್ದಾರೆ ಕಾರ್ಯದರ್ಶಿ. ಪುಟ್ಟಿಗೆ ಎರಡು ದಿನ ರಜೆ ಹಾಕಲು ಈಗಲೇ ಹೇಳಿಬಿಟ್ಟಿದ್ದೇನೆ.