ಫೈರ್‌ಫಾಕ್ಸ್ ಬಳಸಬೇಕೆ? ಆನ್‌ಲೈನ್ ಕೇಂದ್ರದ ಮೇಜಿನಿಂದ ಒಂದು ಲೆಕ್ಕ

ಗದಗ: ಬೆಳೆ ವಿಮೆ ನೋಂದಣಿಯ ಕೊನೆಯ ದಿನಗಳಲ್ಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಆನ್‌ಲೈನ್ ಕೇಂದ್ರಗಳ ಮುಂದೆ ರೈತರು ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಸಾಲುಗಟ್ಟುತ್ತಾರೆ. ಒಳಗಿನ ಗಣಕಯಂತ್ರದಲ್ಲಿ ತೆರೆದಿರುವುದು ಬಹುತೇಕ ಗೂಗಲ್ ಕ್ರೋಮ್. ಇಷ್ಟು ಜನರ ದಾಖಲೆಗಳು ಹಾದುಹೋಗುವ ಈ ಬಾಗಿಲನ್ನು ಬದಲಿಸಿ ಪರ್ಯಾಯ ಬ್ರೌಸರ್ ಬಳಸಿದರೆ ಲಾಭವೆಷ್ಟು, ತೊಡಕೆಷ್ಟು?

ಪ್ರಶ್ನೆ ಹೊಸದಲ್ಲ. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬಂದಾಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನದೇ ಏಕಚಕ್ರಾಧಿಪತ್ಯ. ಆಗಿನ ಹಲವು ಕನ್ನಡ ತಾಣಗಳು ಎಕ್ಸ್‌ಪ್ಲೋರರ್‌ನಲ್ಲಷ್ಟೇ ಮೂಡುವ ಅಕ್ಷರವಿನ್ಯಾಸ ಬಳಸುತ್ತಿದ್ದವು. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಸುದ್ದಿಯ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್ ಆ ತೊಂದರೆಯನ್ನು ನೀಗಿಸಿತು. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್‌ಗೇ ತೆರೆ ಬಿದ್ದಿತು. ಆ ವೇಳೆಗೆ ಸಿಂಹಾಸನ ಕ್ರೋಮ್‌ನ ಪಾಲಾಗಿತ್ತು.

ಇಂದು ಫೈರ್‌ಫಾಕ್ಸ್ ಪರವಾಗಿ ಹೇಳಬಹುದಾದ ಮೊದಲ ಮಾತು ಹಳೆಯ ಯಂತ್ರಗಳದು. ವಿಂಡೋಸ್ 7ಕ್ಕೆ ಕ್ರೋಮ್ 2023ರ ಆರಂಭದಲ್ಲೇ ಬೆಂಬಲ ನಿಲ್ಲಿಸಿತು. ಫೈರ್‌ಫಾಕ್ಸ್ ಮಾತ್ರ ತನ್ನ 115ನೇ ದೀರ್ಘಾವಧಿ ಆವೃತ್ತಿಯ ಮೂಲಕ ಭದ್ರತಾ ಪರಿಷ್ಕರಣೆ ಮುಂದುವರಿಸಿ, ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿತು. ಹೊಸ ಯಂತ್ರ ಕೊಳ್ಳಲಾಗದ ಕೇಂದ್ರಕ್ಕೆ ಇದು ಸಣ್ಣ ಉಪಕಾರವಲ್ಲ. ಆದರೆ ಮೈಕ್ರೋಸಾಫ್ಟ್ 2020ರಲ್ಲೇ ಕೈಬಿಟ್ಟ ವ್ಯವಸ್ಥೆಯನ್ನು ಬ್ರೌಸರ್ ಒಂದೇ ಕಾಯಲಾರದು.

ಎರಡನೆಯದು, ಖಾತೆಗಳನ್ನು ಬೇರ್ಪಡಿಸುವ ‘ಕಂಟೇನರ್’ ಸೌಲಭ್ಯ. ಒಂದೇ ತಾಣಕ್ಕೆ ಒಬ್ಬೊಬ್ಬರ ಹೆಸರಿನಲ್ಲಿ ಪ್ರತ್ಯೇಕವಾಗಿ ಪ್ರವೇಶಿಸಬೇಕಾದ ಕೇಂದ್ರ ನಿರ್ವಾಹಕರಿಗೆ ಇದು ಹೇಳಿ ಮಾಡಿಸಿದಂತಿದೆ. ಪಹಣಿ, ಪರೀಕ್ಷಾ ಫಲಿತಾಂಶ ಹುಡುಕುವವರನ್ನು ಸೆಳೆಯುವ ಖಾಸಗಿ ಪುಟಗಳಲ್ಲಿ ‘ಡೌನ್‌ಲೋಡ್’ ಎಂಬ ವೇಷದ ಜಾಹೀರಾತುಗಳಿಗೂ ಇಲ್ಲಿ ಕಡಿವಾಣ ಸುಲಭ. ಯುಬ್ಲಾಕ್ ಒರಿಜಿನ್ ಎಂಬ ತಡೆ ಸಾಧನದ ಪೂರ್ಣರೂಪಕ್ಕೆ ಕ್ರೋಮ್ 2024–25ರಲ್ಲಿ ಬಾಗಿಲು ಮುಚ್ಚಿತು, ಫೈರ್‌ಫಾಕ್ಸ್ ಮುಚ್ಚಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ಬದಲಾಯಿಸುವಂತಿಲ್ಲ. ಜಗತ್ತಿನ ಬಳಕೆದಾರರಲ್ಲಿ ಫೈರ್‌ಫಾಕ್ಸ್ ಪಾಲು ಶೇ 5ಕ್ಕಿಂತ ಕಡಿಮೆ. ಜಾಲತಾಣ ರೂಪಿಸುವವರು ಕ್ರೋಮ್‌ನಲ್ಲಿ ಪರೀಕ್ಷಿಸಿ ಕೈತೊಳೆದುಕೊಳ್ಳುವುದು ಸಹಜವೆನಿಸುವಷ್ಟು ಚಿಕ್ಕ ಪಾಲಿದು. ಕೊನೆಯ ದಿನ ಸಂಜೆ ಅರ್ಜಿಯ ‘ಸಲ್ಲಿಸಿ’ ಗುಂಡಿ ಒತ್ತಿದಾಗ ಏನೂ ಆಗದಿದ್ದರೆ ನಷ್ಟ ಅನುಭವಿಸುವವನು ರೈತನೇ ಹೊರತು ತಂತ್ರಜ್ಞನಲ್ಲ. ಖಾಸಗಿತನದ ವಿಷಯದಲ್ಲೂ ಫೈರ್‌ಫಾಕ್ಸ್‌ನ ಮೊಜಿಲ್ಲಾ ಸಂಸ್ಥೆ ಪ್ರಶ್ನಾತೀತವಲ್ಲ. ಅದರ ಆದಾಯದ ಬಹುಭಾಗ ಬರುವುದು ಗೂಗಲ್‌ನಿಂದಲೇ. 2025ರ ಫೆಬ್ರುವರಿಯಲ್ಲಿ ‘ನಿಮ್ಮ ಮಾಹಿತಿ ಮಾರುವುದಿಲ್ಲ’ ಎಂಬ ವಾಗ್ದಾನವನ್ನು ತನ್ನ ಪುಟದಿಂದ ತೆಗೆದು ಟೀಕೆಗೂ ಗುರಿಯಾಯಿತು.

ಸ್ವದೇಶಿ ದಾರಿಯೂ ಉಂಟು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ ಫೈರ್‌ಫಾಕ್ಸ್ ತಿರುಳಿನ ಮೇಲೆ ‘ಎಪಿಕ್’ ರೂಪಿಸಿ, ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲ ಒದಗಿಸಿತ್ತು. 2013ರಲ್ಲಿ ಅದೇ ಎಪಿಕ್ ಗೂಗಲ್ ಮುನ್ನಡೆಸುವ ಕ್ರೋಮಿಯಂಗೆ ಬದಲಾಯಿತು. ಕೇಂದ್ರ ಸರ್ಕಾರದ ಸ್ಪರ್ಧೆಯಲ್ಲಿ 2025ರಲ್ಲಿ ಮೊದಲ ಬಹುಮಾನ ಗೆದ್ದ ಜೋಹೊ ಕಂಪನಿಯ ‘ಉಲಾ’ದ ತಿರುಳೂ ಕ್ರೋಮಿಯಂ. ಆದ್ದರಿಂದ ಸರ್ಕಾರಿ ತಾಣಗಳು ಇದರಲ್ಲಿ ತೊಡಕಿಲ್ಲದೆ ತೆರೆಯುವ ಸಾಧ್ಯತೆ ಹೆಚ್ಚು. ಗೂಗಲ್ ಮೇಲಿನ ಅವಲಂಬನೆ ಮಾತ್ರ ಪೂರ್ತಿ ತಪ್ಪದು.

ಈ ವರದಿಗಾರನ ಅಭಿಪ್ರಾಯದಲ್ಲಿ ಗದಗ-ಬೆಟಗೇರಿಯ ಮನೆಬಳಕೆದಾರರು ಓದಿಗೆ, ಹುಡುಕಾಟಕ್ಕೆ ಫೈರ್‌ಫಾಕ್ಸ್ ರೂಢಿಸಿಕೊಳ್ಳಲು ಅಡ್ಡಿಯಿಲ್ಲ. ಆನ್‌ಲೈನ್ ಕೇಂದ್ರಗಳು ಎರಡನ್ನೂ ಇಟ್ಟುಕೊಳ್ಳುವುದು ಲೇಸು. ಯಾವುದೇ ಇರಲಿ, ಪಾಸ್‌ವರ್ಡ್ ಉಳಿಸುವ ಆಯ್ಕೆಯನ್ನು ಮುಚ್ಚಿ, ಕೆಲಸ ಮುಗಿದ ಮೇಲೆ ಡೌನ್‌ಲೋಡ್ ಕಡತಕೋಶ ತೆರವುಗೊಳಿಸಬೇಕು. ಹಿಂದಿನ ಗಿರಾಕಿಯ ಆಧಾರ್ ಪ್ರತಿ ಅಲ್ಲೇ ಉಳಿದರೆ ಯಾವ ಬ್ರೌಸರ್ ಕೂಡ ಅದನ್ನು ತಾನಾಗಿ ಅಳಿಸಿಹಾಕುವುದಿಲ್ಲ.